ಎಂ-ಸ್ಯಾಂಡ್‌ನಲ್ಲಿ ಡಸ್ಟ್ ಜಾಸ್ತಿ: ಕೊನೆಯಲ್ಲಿ 150 ಮೈಕ್ರಾನ್ ಒಣ ಜರಡಿ ಹಾಕಿದರೆ ಕೆಲಸ ಆಗುತ್ತಾ?

ಕಲ್ಲುಪುಡಿ80 ಕೇಳಿದ್ದು:

ಕಲ್ಲು ಪುಡಿ ಮಾಡಿ ಎಂ-ಸ್ಯಾಂಡ್ ಮಾಡುವ ಪ್ಲಾಂಟ್ ನಮ್ಮದು. ಗ್ರಾನೈಟ್ ನೈಸ್ (gneiss) ಕಲ್ಲು. ಕೊನೆಯ ಹಂತದಲ್ಲಿ ವಿಎಸ್‌ಐ (ಕಲ್ಲನ್ನು ಜೋರಾಗಿ ಎಸೆದು ಒಡೆಯುವ ಕ್ರಷರ್), ಅದಾದ ಮೇಲೆ 20 ಡಿಗ್ರಿ ಇಳಿಜಾರಿನ ಮೂರು ಡೆಕ್ ಜರಡಿ. ಗಂಟೆಗೆ 80 ಟನ್ ಸ್ಯಾಂಡ್ ಬರುತ್ತೆ. ಈಗಿನ ಗ್ರೇಡಿಂಗ್ (ಯಾವ ಅಳತೆಯ ಕಾಳು ಎಷ್ಟು ಅನ್ನೋದು): 600 ಮೈಕ್ರಾನ್ ಕೆಳಗೆ 46%, 300 ಕೆಳಗೆ 28%, 150 ಕೆಳಗೆ 19%, 75 ಕೆಳಗೆ 13%. ಆರ್‌ಎಂಸಿಯವರು (ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿ) 75 ಮೈಕ್ರಾನ್ ಪುಡಿ 7% ಒಳಗಿದ್ದರೆ ಮಾತ್ರ ಲೋಡ್ ಇಳಿಸಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ.

ಮುಂದೆ ಎರಡು ದಾರಿ ಇದೆ. ಒಂದು, ಸ್ಯಾಂಡ್ ಬೆಲ್ಟ್ ತುದಿಗೆ 1.8 ಮೀಟರ್ ಅಗಲದ ಹೈ-ಫ್ರೀಕ್ವೆನ್ಸಿ ಜರಡಿ, 150 ಮೈಕ್ರಾನ್ ಮೆಶ್, ಒಣದರಲ್ಲೇ. ಇನ್ನೊಂದು ಬಕೆಟ್ ವ್ಹೀಲ್ ವಾಷರ್, ಅಂದರೆ ನೀರಿನ ತೊಟ್ಟಿಯಿಂದ ಮರಳನ್ನು ಬಕೆಟ್ ಚಕ್ರದಲ್ಲಿ ಎತ್ತುವ ಮಷಿನ್. ವಾಷರ್‌ನಲ್ಲಿ ಟ್ರಯಲ್ ಕೊಟ್ಟಾಗ 75 ಮೈಕ್ರಾನ್ 1%ಗೆ ಇಳಿಯಿತು, ಆದರೆ 150 ಕೆಳಗೆ 3%, 300 ಕೆಳಗೆ 10%, 600 ಕೆಳಗೆ 33% ಆಗಿ ಸ್ಯಾಂಡ್ ಝೋನ್ 1ಕ್ಕೆ (ಕೋಡ್‌ನಲ್ಲಿ ಅತಿ ದಪ್ಪ ಮರಳಿನ ವರ್ಗ) ಹೋಯಿತು. ತೂಕದಲ್ಲಿ ಐದರಲ್ಲಿ ಒಂದು ಭಾಗ ರಾಡಿಯಾಗಿ ಹೋಯಿತು. ನೀರು ಬೋರ್‌ವೆಲ್ ಮತ್ತು ಟ್ಯಾಂಕರ್. ಯಾವುದಕ್ಕೆ ಕೈ ಹಾಕೋದು?

ಕ್ಯೂಬ್‌ಲ್ಯಾಬ್:

ಮಷಿನ್ ಮಾತಿಗೆ ಮೊದಲು, ಆ 13% ಹೇಗೆ ಅಳೆದಿದ್ದು? ಒಣ ಶೇಕರ್‌ನಲ್ಲಿ ಬಂದ 75 ಮೈಕ್ರಾನ್ ಅಂಕಿ ನಂಬುವಂತದ್ದಲ್ಲ. ಸಣ್ಣ ಪುಡಿ ದೊಡ್ಡ ಕಾಳಿಗೆ ಅಂಟಿಕೊಂಡು ಮೇಲೇ ಉಳಿಯುತ್ತೆ, ಅಂಕಿ ಕಡಿಮೆ ತೋರಿಸುತ್ತೆ. ಭಾರತೀಯ ಮಾನಕ ಐಎಸ್ 2386 ಭಾಗ 1ರಲ್ಲಿ ಹೇಳಿದ ಹಾಗೆ ತೊಳೆದು, ಓವನ್‌ನಲ್ಲಿ ಒಣಗಿಸಿ, ತೂಕದ ವ್ಯತ್ಯಾಸ ನೋಡಬೇಕು. ಸ್ಯಾಂಪಲ್ಲನ್ನು ರಾಶಿಯ ಬುಡದಿಂದ ತೆಗೆಯಬೇಡಿ, ಅಲ್ಲಿ ಉರುಳಿ ಬಂದ ದಪ್ಪ ಕಾಳೇ ಇರುತ್ತೆ. ಬೆಲ್ಟ್ ನಿಲ್ಲಿಸಿ ಒಂದು ಮೊಳ ಉದ್ದಕ್ಕೆ ಪೂರ್ತಿ ಗೋರಿ ತೆಗೆಯಿರಿ. ಬೆಲ್ಟ್‌ಗೆ ಅಂಟಿದ ಪುಡಿಯನ್ನೂ ಬ್ರಷ್‌ನಲ್ಲಿ ಗುಡಿಸಿ ಸೇರಿಸಬೇಕು.

ಐಎಸ್ 383:2016 ಪ್ರಕಾರ 75 ಮೈಕ್ರಾನ್ ಕೆಳಗಿನದು ನದಿ ಮರಳಿಗೆ 3%, ಪುಡಿ ಮಾಡಿದ ಕಲ್ಲಿನ ಮರಳಿಗೆ 15%, ಮಿಶ್ರ ಮರಳಿಗೆ 12% ತನಕ ಇರಬಹುದು. 150 ಮೈಕ್ರಾನ್ ಕೆಳಗಿನದಕ್ಕೆ ಕಲ್ಲಿನ ಮರಳಾದರೆ 20% ತನಕ ವಿನಾಯಿತಿ ಇದೆ. ಅಂದರೆ ಕೋಡ್ ಲೆಕ್ಕದಲ್ಲಿ ನಿಮ್ಮ ಸ್ಯಾಂಡ್ ಈಗಲೂ ಪಾಸು! ಆರ್‌ಎಂಸಿಯವರು ಕೇಳುತ್ತಿರುವುದು ನೀರು ಮತ್ತು ಅಡ್ಮಿಕ್ಸ್ಚರ್ (ಕಾಂಕ್ರೀಟ್‌ಗೆ ಬೆರೆಸುವ ಕೆಮಿಕಲ್) ಖರ್ಚು ಉಳಿಸಿಕೊಳ್ಳೋಕೆ. ಅದು ನ್ಯಾಯವೇ, ಆದರೆ 1%ಗೆ ಇಳಿಸೋದು ಬೇಡ. ಪುಡಿ ಪೂರ್ತಿ ಹೋದರೆ ಕಾಂಕ್ರೀಟ್ ಒರಟಾಗುತ್ತೆ, ನೀರು ಮೇಲೆ ಬಿಡುತ್ತೆ, ಪಂಪ್‌ನಲ್ಲಿ ಕಟ್ಟಿಕೊಳ್ಳುತ್ತೆ.

ಮಿಥಿಲೀನ್ ಬ್ಲೂ ಟೆಸ್ಟ್ ಕೂಡ ಮಾಡಿಸಿ. ಬರೀ ಕಲ್ಲಿನ ಹಿಟ್ಟಾದರೆ ಬಣ್ಣ ಹೆಚ್ಚು ಕುಡಿಯಲ್ಲ, ಮೇಲ್ಮಣ್ಣಿನ ಜೇಡಿ ಸೇರಿದ್ದರೆ ಕುಡಿಯುತ್ತೆ. ಜೇಡಿ ಅಂತ ಬಂದರೆ ನಿಮ್ಮ ರೋಗ ಕ್ವಾರಿಯಲ್ಲಿದೆ. ಪ್ರೈಮರಿ ಕ್ರಷರ್‌ಗೆ ಮುಂಚೆ ಗ್ರಿಜ್ಲಿಯಲ್ಲಿ (ದಪ್ಪ ಕಂಬಿಗಳ ಜರಡಿ) ಮಣ್ಣು ಬೇರೆ ಮಾಡದೆ ಕೊನೆಯಲ್ಲಿ ಎಷ್ಟು ಜರಡಿ ಹಿಡಿದರೂ ಅಷ್ಟೇ.

ಸಣ್ಣಕಣ್ಣು:

ಒಣದರಲ್ಲಿ 150 ಮೈಕ್ರಾನ್ ಮೆಶ್ ಹಾಕಬೇಡಿ. ಏಕೆ ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ.

80 ಟನ್ ಅಂದರೆ ಗಂಟೆಗೆ ಸುಮಾರು 53 ಘನ ಮೀಟರ್. 1.8 ಮೀಟರ್ ಅಗಲದ ಡೆಕ್ ಮೇಲೆ ಮಾಲು ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಹರಿದರೆ ಪದರದ ದಪ್ಪ 27 ಮಿ.ಮೀ. ಬರುತ್ತದೆ. ಡಿಸ್ಚಾರ್ಜ್ ತುದಿಯಲ್ಲಿ ಪದರ ಜರಡಿಯ ಕಣ್ಣಿನ (ತೂತಿನ) ಅಳತೆಯ ನಾಲ್ಕು ಪಟ್ಟು ಮೀರಬಾರದು ಎನ್ನುವುದು ಜರಡಿಯವರ ಹಳೆಯ ಲೆಕ್ಕ. 150 ಮೈಕ್ರಾನ್‌ಗೆ ಅದು 0.6 ಮಿ.ಮೀ. ಆಗುತ್ತದೆ. ಕೆಳಗೆ ಹೋಗುವ ಮಾಲು ಹತ್ತೊಂಬತ್ತೇ ಪಾಲು, ಹಾಗಾಗಿ ತುದಿಗೆ ಬರುವಷ್ಟರಲ್ಲೂ ಪದರ ಇಪ್ಪತ್ತು ಮಿ.ಮೀ. ಮೇಲೇ ಇರುತ್ತದೆ. ಮೇಲಿನ ಪುಡಿಗೆ ಮೆಶ್ ಕಾಣುವುದೇ ಇಲ್ಲ.

ಇನ್ನೊಂದು ರೀತಿಯಲ್ಲಿ ನೋಡಿ. 4.75 ಮಿ.ಮೀ. ಕಾಳು ಒಂದು ಕಿಲೋದಲ್ಲಿ ಸುಮಾರು 6,700 ಇರುತ್ತವೆ. 150 ಮೈಕ್ರಾನ್ ಕಾಳು ಒಂದು ಕಿಲೋದಲ್ಲಿ ಸುಮಾರು 21 ಕೋಟಿ. ಪ್ರತಿಯೊಂದಕ್ಕೂ ಒಂದು ಕಣ್ಣು ಸಿಗಬೇಕು, ಅದೂ ಡೆಕ್ ಮೇಲಿರುವ ಕೆಲವೇ ಸೆಕೆಂಡುಗಳಲ್ಲಿ. ಅದರ ಮೇಲೆ ತೇವ. 1–2% ತೇವ ಇದ್ದರೆ ಸಾಕು, ಇಷ್ಟು ಸಣ್ಣ ಪುಡಿ ತಂತಿಗೆ ಅಂಟಿ ಕಣ್ಣು ಮುಚ್ಚುತ್ತದೆ. ಮೋಟಾರ್ 3,000 ಆರ್‌ಪಿಎಂ ಓಡಿದರೂ ಬಿಡುವುದಿಲ್ಲ. ಬೇಸಿಗೆಯ ಟ್ರಯಲ್‌ನಲ್ಲಿ ಚೆನ್ನಾಗಿ ಕಂಡದ್ದು ಜೂನ್‌ನಲ್ಲಿ ಸಿಮೆಂಟ್ ಶೀಟ್ ಹಾಗೆ ಆಗುತ್ತದೆ.

ಬಕೆಟ್ ವ್ಹೀಲ್‌ನಲ್ಲಿ ಹೋದದ್ದು ಏನು ಎಂದು ನಿಮ್ಮ ಅಂಕಿಯೇ ಹೇಳುತ್ತಿದೆ. 100 ಟನ್ನಿಗೆ 20 ಟನ್ ಹೋಗಿದೆ. ಅದರಲ್ಲಿ 75ರ ಕೆಳಗಿನದು 12 ಟನ್ ಮಾತ್ರ. ಉಳಿದ 8 ಟನ್ 75ರಿಂದ 300ರ ನಡುವಿನ ಮಾರಬಹುದಾದ ಮರಳು. ತೊಟ್ಟಿಯ ನೀರು ಅಂಚಿನ ಮೇಲೆ ಹರಿಯುವ ವೇಗಕ್ಕೆ ಅದು ತಳಕ್ಕೆ ಕೂರುವ ಮೊದಲೇ ಕೊಚ್ಚಿಹೋಗುತ್ತದೆ.

ಯಾವುದನ್ನೂ ಕೊಳ್ಳುವ ಮೊದಲು ವಿಎಸ್‌ಐ ಆದ ಮೇಲಿನ ಮೂರು ಡೆಕ್ ಜರಡಿಯನ್ನು ನೋಡಿ. ಹೆಚ್ಚಿನ ಡಸ್ಟ್ ಹುಟ್ಟುವುದು ಆ ಸುತ್ತಿನಲ್ಲಿ. ಸ್ಯಾಂಡ್ ಡೆಕ್‌ನ ಕಣ್ಣು ಮುಚ್ಚಿದ್ದರೆ ತಯಾರಾದ ಮರಳೇ ವಾಪಸ್ ವಿಎಸ್‌ಐಗೆ ಹೋಗಿ ಇನ್ನೊಮ್ಮೆ ಪೆಟ್ಟು ತಿಂದು ಹಿಟ್ಟಾಗುತ್ತದೆ. ಫೀಡ್‌ನಲ್ಲಿ (ಜರಡಿಗೆ ಬೀಳುವ ಮಾಲು) ಮರಳಿನ ಪಾಲು 0.40, ವಾಪಸ್ ಹೋಗುವ ಬೆಲ್ಟ್‌ನಲ್ಲಿ ಮರಳಿನ ಪಾಲು 0.20 ಇದೆ ಎಂದುಕೊಳ್ಳಿ. ಎರಡರ ವ್ಯತ್ಯಾಸ 0.20. ಅದನ್ನು 0.40 × 0.80 ಇಂದ (1ರಲ್ಲಿ 0.20 ಕಳೆದರೆ 0.80) ಭಾಗಿಸಿದರೆ 0.625. ಅಂದರೆ ಜರಡಿ ಹಿಡಿದದ್ದು 62.5%, ಮೂರನೇ ಒಂದಕ್ಕಿಂತ ಹೆಚ್ಚು ಮರಳು ಸುಮ್ಮನೆ ಸುತ್ತು ಹೊಡೆಯುತ್ತಿದೆ. ವಾಪಸ್ ಬೆಲ್ಟ್‌ನಿಂದ ಎರಡು ಸ್ಯಾಂಪಲ್ ತೆಗೆದರೆ ಇದು ಗೊತ್ತಾಗುತ್ತದೆ, ಪೈಸೆ ಖರ್ಚಿಲ್ಲ.

ಮಳೆಗಾಲದಲ್ಲಿ ಚೌಕ ಕಣ್ಣಿನ ಮೆಶ್ ತೆಗೆದು ಹಾರ್ಪ್ ತಂತಿ ಹಾಕಿ. ಉದ್ದ ತಂತಿಗಳು ಒಂದೊಂದೂ ಬೇರೆಬೇರೆಯಾಗಿ ನಡುಗುವುದರಿಂದ ಸಿಕ್ಕಿಕೊಂಡ ಕಾಳು ಕಳಚುತ್ತದೆ. ಇದರಲ್ಲಿ ಚಪ್ಪಟೆ ಕಾಳು ಸ್ವಲ್ಪ ಜಾಸ್ತಿ ಇಳಿಯುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ. ದುಡ್ಡಿದ್ದರೆ ಫ್ಲಿಪ್-ಫ್ಲೋ ಜರಡಿ. ಅದರ ಪಾಲಿಯುರೆಥೇನ್ ಹಾಳೆಗಳು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ, ಕಂಬಳಿ ಕೊಡವಿದ ಹಾಗೆ ಮಾಲನ್ನು ಎತ್ತಿ ಎಸೆಯುತ್ತವೆ. ಮಾಮೂಲು ಜರಡಿಯಲ್ಲಿ 4–5 ಜಿ (ಜಿ ಅಂದರೆ ನಡುಕದ ಜೋರು ಭೂಮಿಯ ಸೆಳೆತದ ಎಷ್ಟು ಪಟ್ಟು ಎನ್ನುವ ಅಳತೆ) ಇದ್ದರೆ ಇದರ ಹಾಳೆಯ ಮೇಲೆ 30–50 ಜಿ ಬರುತ್ತದೆ. 2ರಿಂದ 5 ಮಿ.ಮೀ. ತೇವದ ಮಾಲಿಗೆ ಇದು ನಿಜವಾಗಿ ಕೆಲಸ ಮಾಡುವಂಥದ್ದು. ಪ್ಲಾಸ್ಟರ್‌ನ ಪಿ-ಸ್ಯಾಂಡ್‌ಗೂ ಸರಿ. ಜೊತೆಗೆ ವಿಎಸ್‌ಐ ರೋಟರ್ ವೇಗ ಸ್ವಲ್ಪ ಇಳಿಸಿ ನೋಡಿ. ವೇಗ ಇಳಿದಷ್ಟೂ ಹಿಟ್ಟು ಕಡಿಮೆ, ಆದರೆ ಕಾಳಿನ ಆಕಾರ ಒಂದು ಮಟ್ಟದ ಕೆಳಗೆ ಕೆಡುತ್ತದೆ.

ಇಷ್ಟಾದ ಮೇಲೂ ಪುಡಿ ಉಳಿದರೆ ಹೈಡ್ರೋಸೈಕ್ಲೋನ್ (ನೀರನ್ನು ಸುಳಿ ತಿರುಗಿಸಿ ಪುಡಿ ಬೇರೆ ಮಾಡುವ ಶಂಕು) ಮತ್ತು ಡೀವಾಟರಿಂಗ್ ಸ್ಕ್ರೀನ್. ಪುಡಿಯನ್ನು ಮರಳಿನಿಂದ ಬೇರೆ ಮಾಡುವ ಕೆಲಸ ಸೈಕ್ಲೋನ್‌ದು, ಜರಡಿ ಬರೀ ನೀರು ಬಸಿಯುತ್ತದೆ. ನಿಮ್ಮ 80 ಟನ್ನಿಗೆ ತೂಕದಲ್ಲಿ 30% ಘನ ಇರುವ ಸ್ಲರಿ (ನೀರು-ಮರಳಿನ ಕಲಸು) ಮಾಡಬೇಕಾದರೆ 187 ಘನ ಮೀಟರ್ ನೀರು. ಕಲ್ಲಿನ 30 ಘನ ಮೀಟರ್ ಸೇರಿ ಪಂಪ್ ಗಂಟೆಗೆ ಸುಮಾರು 217 ಎತ್ತಬೇಕು. ಸೈಕ್ಲೋನ್‌ನ ಕೆಳಬಾಯಿಯಿಂದ 71 ಟನ್ ಮರಳು (9 ಟನ್ ಹೊರಗೆ ಹೋಗಿ ಉಳಿದದ್ದು) 70% ಘನವಾಗಿ ಇಳಿದರೆ ಅದರ ಜೊತೆ 30 ಘನ ಮೀಟರ್ ನೀರು ಬರುತ್ತದೆ, ಅಂದರೆ ಒಟ್ಟು ನೀರಿನ 16%. ತೀರಾ ಸಣ್ಣ ಪುಡಿಗೆ ಸ್ವಂತ ಬುದ್ಧಿ ಇಲ್ಲ, ನೀರು ಹೋದ ಕಡೆ ಹೋಗುತ್ತದೆ. ಹಾಗಾಗಿ ನಿಮ್ಮ 10.4 ಟನ್ ಪುಡಿಯಲ್ಲಿ 16%, ಅಂದರೆ 1.7 ಟನ್ ಮರಳಿನ ಜೊತೆಗೇ ಇಳಿಯುತ್ತದೆ. ಕಟ್ ಸೈಜ್ (ಪುಡಿ ಮತ್ತು ಮರಳು ಬೇರೆಯಾಗುವ ಅಳತೆ) ಹತ್ತಿರದ ಕಾಳು ಸೇರಿ ಕೊನೆಗೆ 4–5% ಉಳಿಯಬೇಕು.

ಈ ಸೆಟ್‌ಅಪ್‌ನಲ್ಲಿ ನನಗೆ ಇಷ್ಟವಾಗುವುದು ಇದೇ. ಆರ್‌ಎಂಸಿಯವರು 6–7% ಬೇಕು ಎಂದರೆ ಜರಡಿ ಮುಟ್ಟಬೇಕಾಗಿಲ್ಲ, ಫೀಡ್ ನೀರು ಕಡಿಮೆ ಮಾಡಿದರೆ ಸಾಕು. ಫೀಡನ್ನು 45% ಘನಕ್ಕೆ ತಂದರೆ ನೀರು 98 ಘನ ಮೀಟರ್, ಕೆಳಗೆ ಬರುವ ಪಾಲು 31%, ಪುಡಿ 3.2 ಟನ್. 75 ಮೈಕ್ರಾನ್ ಪುಡಿ 5% ಉಳಿಯುವ ಲೆಕ್ಕದಲ್ಲಿ ಗ್ರೇಡಿಂಗ್ ಹೀಗೆ ಬರುತ್ತದೆ: 600 ಕೆಳಗೆ 39%, 300 ಕೆಳಗೆ 19%, 150 ಕೆಳಗೆ 9%. ಮೂರೂ ಝೋನ್ 2ರ ಒಳಗೆ. ಗಂಟೆಗೆ 9 ಟನ್ ಹೋಗುತ್ತದೆ. ವಾಷರ್‌ನಲ್ಲಿ 16 ಟನ್ ಹೋಗುತ್ತಿತ್ತು.

ಕಲ್ಲುಪುಡಿ80:

ಲೆಕ್ಕಕ್ಕೆ ಥ್ಯಾಂಕ್ಸ್ ಸರ್. ವಾಪಸ್ ಬೆಲ್ಟ್ ಸ್ಯಾಂಪಲ್ ನಾಳೆಯೇ ತೆಗೆಸುತ್ತೇನೆ. ಎರಡು ಅನುಮಾನ ಉಳೀತು. 187 ಘನ ಮೀಟರ್ ನೀರು ಎಲ್ಲಿಂದ ತರೋದು? ಮತ್ತೆ ಅದಿರಿನ ಪ್ಲಾಂಟ್‌ಗಳಲ್ಲಿ 0.1 ಮಿ.ಮೀ. ಜರಡಿ ಓಡುತ್ತೆ ಅಂತಾರಲ್ಲ, ಅವರಿಗೆ ಆಗೋದು ನಮಗೆ ಯಾಕೆ ಆಗಲ್ಲ?

ಕೆಂಪದಿರು_ಸಂಡೂರು:

ಎರಡನೇದಕ್ಕೆ ನಾನು ಹೇಳ್ತೀನಿ. ಓಡುತ್ತೆ, ಆದರೆ ನೀರಿನಲ್ಲಿ. ಒಣದರಲ್ಲಲ್ಲ.

ನಮ್ಮ ಕಡೆ ಜರಡಿ ಬೇಕಾಗೋದಕ್ಕೆ ಕಾರಣವೇ ಬೇರೆ. ಹೆಮಟೈಟ್ ಅಂದರೆ ಕಬ್ಬಿಣದ ಅದಿರಿನ ಸಾಂದ್ರತೆ 5.2ರ ಆಸುಪಾಸು, ಸಿಲಿಕಾ 2.65. ಸೈಕ್ಲೋನ್‌ಗೆ ಅಳತೆ ಕಾಣಲ್ಲ, ಮುಳುಗುವ ವೇಗ ಮಾತ್ರ ಕಾಣುತ್ತೆ. ನೀರಿನ 1 ಕಳೆದರೆ 4.2 ಮತ್ತು 1.65. ಭಾಗಿಸಿ ವರ್ಗಮೂಲ ತೆಗೆದರೆ 1.6. ಅಂದರೆ 100 ಮೈಕ್ರಾನ್ ಹೆಮಟೈಟ್ ಕಾಳು ಮತ್ತು 160 ಮೈಕ್ರಾನ್ ಸಿಲಿಕಾ ಕಾಳು ಒಂದೇ ಥರ ಮುಳುಗುತ್ತವೆ. ಅದಿರು ಅರೆಯುವ ಗ್ರೈಂಡಿಂಗ್ ಸರ್ಕ್ಯೂಟ್‌ನಲ್ಲಿ ಸೈಕ್ಲೋನ್ ಇಟ್ಟರೆ ಆಗಲೇ ಸಣ್ಣಗಾದ ಅದಿರು ‘ದಪ್ಪ’ ಅಂತ ಮತ್ತೆ ಮಿಲ್‌ಗೆ ಹೋಗಿ ಸ್ಲೈಮ್ (ತೀರಾ ಸಣ್ಣ ರಾಡಿ) ಆಗುತ್ತೆ, ಅದಿರಿನಿಂದ ಇನ್ನೂ ಬಿಡಿಸಿಕೊಳ್ಳದ ದಪ್ಪ ಸಿಲಿಕಾ ಕಾಳು ‘ಸಣ್ಣದು’ ಅಂತ ಮುಂದೆ ಜಾರುತ್ತೆ. ಎರಡು ಕಡೆಯೂ ನಷ್ಟ. ಜರಡಿಗೆ ತೂಕ ಗೊತ್ತಿಲ್ಲ, ಅಳತೆ ಮಾತ್ರ ಗೊತ್ತು. ನಿಮ್ಮ ಗ್ರಾನೈಟ್‌ನಲ್ಲಿ ಎಲ್ಲ ಕಾಳಿನ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಸೈಕ್ಲೋನ್ ಮೋಸ ಮಾಡಲ್ಲ. ಜರಡಿಗೆ ಹಾಕೋ ದುಡ್ಡು ನಿಮಗೆ ದಂಡ.

ಪದರದ ದಪ್ಪದ ತೊಂದರೆಗೆ ಉತ್ತರ ಒಂದರ ಮೇಲೊಂದು ಡೆಕ್. ಡೆರಿಕ್ ಕಂಪನಿಯ ಸ್ಟ್ಯಾಕ್ ಸೈಜರ್‌ನಲ್ಲಿ ಐದು ಡೆಕ್, ಆಮೇಲಿನದರಲ್ಲಿ ಎಂಟು. ಇವು ನಿಮ್ಮ ಮೂರು ಡೆಕ್ ಥರ ಮೇಲಿನದು ಕೆಳಗಿನದಕ್ಕೆ ಸುರಿಯೋದಲ್ಲ. ಎಲ್ಲ ಡೆಕ್‌ಗೂ ಒಂದೇ ಕಣ್ಣು, ಫೀಡನ್ನು ಹಂಚಿ ಎಲ್ಲಕ್ಕೂ ಸಮ ಕೊಡೋದು. ಉದ್ದಕ್ಕಿಂತ ಅಗಲ ಮುಖ್ಯ, ಯಾಕಂದ್ರೆ ಸ್ಲರಿ ಡೆಕ್‌ಗೆ ಬಿದ್ದ ಮೊದಲ ಅರ್ಧ-ಮುಕ್ಕಾಲು ಮೀಟರ್‌ನಲ್ಲೇ ನೀರು ಇಳಿದು ಹೋಗುತ್ತೆ. ನೀರು ಹೋದ ಮೇಲೆ ಪುಡಿ ಅಲ್ಲಾಡಲ್ಲ. ಅದಕ್ಕೇ ನಡುವೆ ರಬ್ಬರ್ ತೊಟ್ಟಿ, ಸ್ಪ್ರೇ ಕೊಟ್ಟು ಮತ್ತೆ ಕಲಸಿ ಮುಂದಿನ ಪ್ಯಾನೆಲ್‌ಗೆ ಬಿಡೋದು.

ನಿಜವಾದ ಬದಲಾವಣೆ ತಂದದ್ದು ಮೋಟಾರ್ ಅಲ್ಲ, ಪ್ಯಾನೆಲ್. 150 ಮೈಕ್ರಾನ್ ಕಣ್ಣಿಗೆ 100 ಮೈಕ್ರಾನ್ ತಂತಿ ಹಾಕಿದರೆ ತೆರೆದ ಜಾಗ 36%. ಆದರೆ ಕೂದಲಿನಷ್ಟು ತೆಳು ತಂತಿ, ಹೆಮಟೈಟ್ ಅದನ್ನು ಬೇಗ ತಿಂದುಹಾಕುತ್ತೆ. ತಂತಿ ದಪ್ಪ ಮಾಡಿದರೆ ತೆರೆದ ಜಾಗ ಕುಸಿಯುತ್ತೆ. ಮೊದಲಿನ ಪಾಲಿಯುರೆಥೇನ್ ಪ್ಯಾನೆಲ್‌ಗಳು ಬಾಳಿಕೆ ಬರುತ್ತಿದ್ದವು, ಆದರೆ ತೆರೆದ ಜಾಗ ಹತ್ತು ಪರ್ಸೆಂಟ್ ಆಸುಪಾಸು. ಈಗ ತೆಳುವಾಗಿ ಅಚ್ಚು ಹಾಕಿದ ಯುರೆಥೇನ್‌ನಲ್ಲಿ 30%ಕ್ಕೂ ಮೇಲೆ ತೆರೆದ ಜಾಗ ಸಿಗುತ್ತೆ, 75 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ್ಣೂ ಬರುತ್ತೆ. ಕಣ್ಣು ಕೆಳಗೆ ಹೋದಂತೆ ಅಗಲ ಆಗುವ ಹಾಗೆ ಮಾಡಿರ್ತಾರೆ, ಮೇಲ್ಬಾಯಿ ದಾಟಿದ ಕಾಳು ನಡುವೆ ಸಿಕ್ಕಿಕೊಳ್ಳಲ್ಲ.

ಕೆಡುವುದು ಎಲ್ಲಿ ಅಂದ್ರೆ, ಮೊದಲನೆಯದು ಕಸ. ಬೇರು, ಕಡ್ಡಿ, ಕನ್ವೇಯರ್ ರಬ್ಬರ್ ಚೂರು. ಮುಂದೆ ಒಂದು ಟ್ರ್ಯಾಶ್ ಜರಡಿ ಇಲ್ಲದಿದ್ದರೆ ಫೀಡ್ ಹಂಚುವ ಪೈಪ್ ಒಂದು ಕಟ್ಟಿ, ಒಂದು ಡೆಕ್ ಒಣಗಿ, ಉಳಿದವು ತುಂಬಿ ಹರಿಯುತ್ತವೆ. ಪ್ಯಾನೆಲ್ ಬಿಗಿ ಸಡಿಲಾದರೆ ನಡುಕ ಪ್ಯಾನೆಲ್‌ಗೆ ಬರೋದೇ ಇಲ್ಲ, ಫ್ರೇಮ್ ಮಾತ್ರ ನಡುಗುತ್ತೆ. ಸ್ಪ್ರೇಗೆ ಥಿಕ್‌ನರ್ (ರಾಡಿಯನ್ನು ತಳಕ್ಕೆ ಕೂರಿಸಿ ನೀರು ಬೇರೆ ಮಾಡುವ ತೊಟ್ಟಿ) ನೀರನ್ನೇ ಫಿಲ್ಟರ್ ಇಲ್ಲದೆ ಕೊಟ್ಟರೆ ನಾಝಲ್ ಕಟ್ಟುತ್ತೆ. ಮತ್ತೆ ಸವೆತ ಕಣ್ಣಿಗೆ ಕಾಣಲ್ಲ. ಕೆಳಗೆ ಬಂದ ಮಾಲನ್ನು ವಾರಕ್ಕೊಮ್ಮೆ ಒದ್ದೆ ಜರಡಿ ಹಿಡಿದು ನೋಡಿ. ದಪ್ಪ ಕಾಳು ನಿಧಾನವಾಗಿ ಏರಿದರೆ ಸವೆತ, ಒಮ್ಮೆಲೇ ಏರಿದರೆ ಹರಿದಿದೆ.

ಸಣ್ಣಕಣ್ಣು:

ನೀರಿನ ಮಾತಿಗೆ. 187 ಘನ ಮೀಟರ್ ಸುತ್ತುವ ನೀರು, ದಿನಾ ತರುವ ನೀರಲ್ಲ. ಹೊರಗೆ ಹೋಗುವುದು ಎರಡೇ ಕಡೆ. 71 ಟನ್ ಮರಳು 13% ತೇವದೊಂದಿಗೆ ಹೋದರೆ ಗಂಟೆಗೆ 10.6 ಘನ ಮೀಟರ್. 9 ಟನ್ ಪುಡಿ ಥಿಕ್‌ನರ್ ತಳದಿಂದ 45% ಘನವಾಗಿ ಕೊಳಕ್ಕೆ ಹೋದರೆ 11. ಒಟ್ಟು 22 ಅಂದುಕೊಳ್ಳಿ. ಫಿಲ್ಟರ್ ಪ್ರೆಸ್ (ರಾಡಿ ಹಿಂಡಿ ಗಟ್ಟಿ ಕೇಕ್ ಮಾಡುವ ಯಂತ್ರ) ಹಾಕಿ ಕೇಕ್ ತೇವ 20%ಕ್ಕೆ ತಂದರೆ 11 ಇದ್ದದ್ದು 2.3 ಆಗುತ್ತದೆ, ಒಟ್ಟು 13. ಹತ್ತು ಗಂಟೆಯ ಶಿಫ್ಟ್‌ಗೆ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಪ್ರೆಸ್ ಇಲ್ಲದೆ 18 ಲೋಡ್, ಇದ್ದರೆ 11. ದಿನಕ್ಕೆ ಏಳು ಲೋಡ್ ಉಳಿತಾಯಕ್ಕೆ ಪ್ರೆಸ್ ಕಂತು ಹೊಂದುತ್ತದೆಯೇ ಎಂದು ನಿಮ್ಮ ಊರಿನ ಟ್ಯಾಂಕರ್ ರೇಟ್ ಇಟ್ಟು ನೋಡಿ. ರಾಡಿ ನಿಲ್ಲಿಸಲು ಜಾಗ ಇಲ್ಲದವರಿಗೆ ಈ ಪ್ರಶ್ನೆಯೇ ಇಲ್ಲ, ಪ್ರೆಸ್ ಬೇಕೇ ಬೇಕು. ಹಳ್ಳಕ್ಕೋ ಕೆರೆಗೋ ಬಿಟ್ಟರೆ ಪ್ಲಾಂಟಿಗೇ ಬೀಗ.

ಪುಡಿ ಗುಂಪುಗೂಡಿ ತಳಕ್ಕೆ ಕೂರಲು ಥಿಕ್‌ನರ್‌ಗೆ ಹಾಕುವ ಫ್ಲಾಕ್ಯುಲೆಂಟನ್ನು 0.1% ದ್ರಾವಣ ಮಾಡಿ, ನಿಧಾನಕ್ಕೆ ಕಲಕಿ, ಮುಕ್ಕಾಲು ಗಂಟೆ ಬಿಟ್ಟು ಬಳಸಬೇಕು. ಜೋರಾಗಿ ಕಲಕಿದರೆ ಅದರ ಉದ್ದ ಸರಪಳಿ ತುಂಡಾಗಿ ಕೆಲಸ ಮಾಡುವುದಿಲ್ಲ. ಜಾಸ್ತಿ ಹಾಕುವುದು ಇನ್ನೂ ಕೆಟ್ಟದ್ದು. ಉಳಿದದ್ದು ವಾಪಸ್ ನೀರಿನಲ್ಲಿ ಬಂದು ಪುಡಿಯನ್ನು ಮರಳಿಗೇ ಅಂಟಿಸುತ್ತದೆ, ತೊಳೆದಷ್ಟೂ 75 ಮೈಕ್ರಾನ್ ಇಳಿಯುವುದಿಲ್ಲ.

ಮೊರಗಾಳಿ:

ನೀರೇ ಇಲ್ಲದವರಿಗೆ ಏರ್ ಕ್ಲಾಸಿಫೈಯರ್ ಇದೆ. ಕಣದಲ್ಲಿ ರಾಗಿ ತೂರಿದ ಹಾಗೆ ಅಷ್ಟೇ. ಮರಳು ತೆಳು ಪರದೆಯಾಗಿ ಬೀಳಬೇಕು, ಅಡ್ಡ ಗಾಳಿ ಹಿಟ್ಟನ್ನು ಎತ್ತಿಕೊಂಡು ಬ್ಯಾಗ್ ಫಿಲ್ಟರ್‌ಗೆ ಒಯ್ಯಬೇಕು. ತೇವ 1–2% ದಾಟಿದರೆ ಹಿಟ್ಟು ಕಾಳಿಗೆ ಅಂಟುತ್ತೆ, ಗಾಳಿಗೆ ಬಿಡಲ್ಲ. ಡಸ್ಟ್ ಏಳಬಾರದು ಅಂತ ಕ್ರಷರ್ ಬಾಯಿಗೆ ನೀರು ಸ್ಪ್ರೇ ಮಾಡುವ ಪ್ಲಾಂಟ್‌ನಲ್ಲಿ ಇದು ಓಡಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಸ್ಟ್ರೋಕ್‌ಕಾರ್ಡ್:

ಡೀವಾಟರಿಂಗ್ ಸ್ಕ್ರೀನ್ ತಗೊಂಡರೆ ಇದನ್ನು ನೆನಪಿಡಿ. ಮಾಮೂಲು ಜರಡಿಯಲ್ಲಿ ಪದರ ತೆಳು ಇರಬೇಕು, ಇದರಲ್ಲಿ ದಪ್ಪ ಇರಬೇಕು. 100–200 ಮಿ.ಮೀ. ಮರಳೇ ಫಿಲ್ಟರ್ ಆಗಿ ಸಣ್ಣ ಕಾಳನ್ನು ಹಿಡಿಯುತ್ತೆ. ಅದಕ್ಕೇ ಡೆಕ್ ಮುಂದಕ್ಕೆ 3–5 ಡಿಗ್ರಿ ಏರು, ತುದಿಯಲ್ಲಿ ಅಡ್ಡಗಟ್ಟೆ. ಫೀಡ್ ಬಿಟ್ಟು ಬಿಟ್ಟು ಬಂದರೆ ಪದರ ಕಟ್ಟಲ್ಲ, 0.3–0.5 ಮಿ.ಮೀ. ಸೀಳಿನಿಂದ ಮರಳು ಕೆಳಗಿಳಿದು ಸಂಪ್‌ಗೆ ಹೋಗಿ ಸುಮ್ಮನೆ ಸುತ್ತುತ್ತೆ.

ಎರಡು ಮೋಟಾರ್ ಎದುರುಬದುರು ದಿಕ್ಕಿಗೆ ತಿರುಗಬೇಕು. ರಿಪೇರಿ ಆದ ಮೇಲೆ ಒಂದರ ಫೇಸ್ ಅದಲುಬದಲಾಗಿ ಎರಡೂ ಒಂದೇ ಕಡೆ ತಿರುಗಿದರೆ ಮಾಲು ನಿಂತಲ್ಲೇ ಕುಣಿಯುತ್ತೆ, ಮುಂದೆ ಸಾಗಲ್ಲ. ಪಕ್ಕದ ಪ್ಲೇಟ್‌ಗೆ ಸ್ಟ್ರೋಕ್ ಕಾರ್ಡ್ (ಸ್ಟ್ರೋಕ್, ಅಂದರೆ ನಡುಕ ಎಷ್ಟು ಮಿ.ಮೀ. ಅಂತ ತೋರಿಸುವ ಚೀಟಿ) ಅಂಟಿಸಿ ನಾಲ್ಕೂ ಮೂಲೆ ಓದಿ. ಸ್ಟ್ರೋಕ್ ಮಿ.ಮೀ.ಯನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ 17,90,000ದಿಂದ ಭಾಗಿಸಿದರೆ ಜಿ ಸಿಗುತ್ತೆ. 10 ಮಿ.ಮೀ., 970 ಆರ್‌ಪಿಎಂ ಆದರೆ 5.3 ಜಿ. ಕರೆಂಟ್ ಉಳಿಸೋಕೆ ಅಂತ ವಿಎಫ್‌ಡಿಯನ್ನು (ಮೋಟಾರ್ ವೇಗ ಬದಲಿಸುವ ಸಾಧನ) 50ರಿಂದ 40 ಹರ್ಟ್ಝ್‌ಗೆ ಇಳಿಸಿದರೆ 3.4 ಜಿ ಆಗುತ್ತೆ, ಆಮೇಲೆ ಮರಳು ಒದ್ದೆಯಾಗಿ ಬರುತ್ತೆ ಅಂತ ಸೀಳನ್ನು ಬೈದು ಪ್ರಯೋಜನ ಇಲ್ಲ.

ಸೈಕ್ಲೋನ್ ಕೆಳಬಾಯಿಯಲ್ಲಿ ಮಾಲು ಸಣ್ಣ ಕೊಡೆ ಬಿಚ್ಚಿದ ಹಾಗೆ ಹರಡಿ ಬೀಳಬೇಕು. ಹಗ್ಗದ ಹಾಗೆ ನೇರ ಇಳಿದರೆ ಬಾಯಿ ಚಿಕ್ಕದಾಯಿತು ಅಂತ ಅರ್ಥ, ಒಳ್ಳೆಯ ಮರಳು ಮೇಲಿನ ಪೈಪ್‌ನಲ್ಲಿ ಥಿಕ್‌ನರ್‌ಗೆ ಹೋಗ್ತಿರುತ್ತೆ. ಕೊಡೆ ತೀರಾ ಅಗಲ ಆದರೆ ಬಾಯಿ ಸವೆದಿದೆ, ನೀರಿನ ಜೊತೆ ಪುಡಿ ಕೆಳಗೆ ಬರ್ತಿರುತ್ತೆ. ಸಂಪ್ ಮಟ್ಟ ಕುಸಿದು ಪಂಪ್ ಗಾಳಿ ಎಳೆದರೆ ಸೈಕ್ಲೋನ್ ಪ್ರೆಶರ್ ಏರಿಳಿಯುತ್ತೆ, ಗ್ರೇಡಿಂಗ್ ಗಂಟೆಗೊಂದು ಥರ ಬರುತ್ತೆ. ಮೇಲಿನ ಪೈಪ್ ನೀರಿನಲ್ಲಿ ಸ್ವಲ್ಪ ಸಂಪ್‌ಗೆ ವಾಪಸ್ ಬರೋ ಹಾಗೆ ಫ್ಲೋಟ್ ವಾಲ್ವ್ ಇಡಿಸಿ. ಕೊಟೇಶನ್‌ನಲ್ಲಿ ಅದು ಇದೆಯಾ ಅಂತ ಮೊದಲು ನೋಡಿ, ಬಹಳ ಸಲ ಬಿಟ್ಟಿರ್ತಾರೆ.